ಸಿವಿಲ್ ಇಂಜಿನಿಯರಿಂಗ್: ಸೇರುವ ಮುನ್ನ

ಸರ್ಜಾಪುರದ ಸುತ್ತ ಎತ್ತ ನೋಡಿದರೂ ಕಟ್ಟಡಗಳು ಏಳುತ್ತಿವೆ. ಆದರೂ ಮಗನೋ ಮಗಳೋ ‘ಸಿವಿಲ್ ಓದುತ್ತೇನೆ’ ಎಂದರೆ ಹೆತ್ತವರ ಮುಖ ಬಾಡುತ್ತದೆ. ಪಕ್ಕದಲ್ಲೇ ಐಟಿ ಕಂಪೆನಿಗಳಿರುವಾಗ ಬಿಸಿಲಿನ ಕೆಲಸವೇಕೆ ಎಂಬುದು ಅವರ ಪ್ರಶ್ನೆ.

2022ರ ಸೆಪ್ಟೆಂಬರ್ ಮಳೆಯನ್ನು ನೆನಪಿಸಿಕೊಳ್ಳಿ. ಇಲ್ಲಿಂದ ಬೆಂಗಳೂರಿಗೆ ಹೋಗುವ ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ ನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಕೆರೆಯಿಂದ ಕೆರೆಗೆ ನೀರೊಯ್ಯುವ ರಾಜಕಾಲುವೆಗೆ ಜಾಗ ಬಿಡದೆ ಕಟ್ಟಿದರೆ ಆಗುವುದು ಇದೇ. ನೆಲದ ಇಳಿಜಾರು ಅಳೆಯುವುದು, ಮಣ್ಣಿನ ಬಲ ಪರೀಕ್ಷಿಸುವುದು, ಕಾಲುವೆಯ ಅಗಲ ಲೆಕ್ಕ ಹಾಕುವುದು ಎಲ್ಲವೂ ಸಿವಿಲ್‌ನ ಪಾಠಗಳೇ. ಈ ವಿದ್ಯೆ ಬಲ್ಲವರು ಊರಿಗೆ ಬೇಕು.

ಸೇರಲು ಮುಖ್ಯವಾಗಿ ಎರಡು ದಾರಿಗಳಿವೆ. ಪಿಯುಸಿ ವಿಜ್ಞಾನ ಓದಿ, ಸಿಇಟಿ ಬರೆದು ನಾಲ್ಕು ವರ್ಷದ ಬಿ.ಇ. ಸೇರುವುದು ಒಂದು. ರ‍್ಯಾಂಕಿಗೆ ಪಿಯುಸಿ ಮತ್ತು ಸಿಇಟಿ ಅಂಕಗಳು ಅರ್ಧರ್ಧ. ಆದ್ದರಿಂದ ಪಿಯುಸಿಯನ್ನು ಕಡೆಗಣಿಸುವಂತಿಲ್ಲ. ಎಸ್ಸೆಸ್ಸೆಲ್ಸಿ ಬಳಿಕ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಮೂಲಕ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರುವುದು ಇನ್ನೊಂದು. ಕೈ ಬಿಗಿಯಿರುವ ಮನೆಯವರಿಗೆ ಇದು ಅನುಕೂಲ. ಡಿಪ್ಲೊಮಾ ಆದೊಡನೆ ದುಡಿಯಲೂಬಹುದು.

ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇದೆಯೇ ನೋಡಿ. ಸರ್ವೆ ಉಪಕರಣಗಳು, ಕಾಂಕ್ರೀಟ್ ಪರೀಕ್ಷಿಸುವ ಯಂತ್ರಗಳು ವಿದ್ಯಾರ್ಥಿಗಳ ಕೈಗೆ ಸಿಗುತ್ತವೆಯೇ ಎಂದು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನೇ ಕೇಳಿ.

ಆರಂಭದ ಸಂಬಳ ಸಾಫ್ಟ್‌ವೇರ್‌ನಷ್ಟು ಇರಲಾರದು. ಅದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಒಂದು ದಿನ ಪರಿಚಯದ ಮೇಸ್ತ್ರಿಯೊಂದಿಗೆ ಕಟ್ಟಡದ ಕೆಲಸ ನೋಡಲು ಕಳುಹಿಸಿ. ಧೂಳು, ಬಿಸಿಲು ಕಂಡ ಮೇಲೂ ‘ಇದೇ ಬೇಕು’ ಎಂದರೆ, ಮಗಳಾದರೂ ಸರಿ, ತಡೆಯಬೇಡಿ.