ಕೇದಾರಕಂಠದ ಹಿಮಹಾದಿಯಲ್ಲಿ ಮುಚ್ಚಿಟ್ಟ ತಲೆನೋವು

ಮುಂಬಯಿವಾಸಿಗಳಾದ ನಮಗೆ ಚಳಿಗಾಲವೆಂದರೆ ಒಂದೆರಡು ವಾರ ಫ್ಯಾನಿನ ವೇಗ ತಗ್ಗಿಸುವುದು, ಅಷ್ಟೇ. ಹಿಮವನ್ನು ಸಿನೆಮಾದಲ್ಲಿ ಮಾತ್ರ ಕಂಡವರು ನಾವು. ಅಂಥ ಇಬ್ಬರು, ಐವತ್ತು ದಾಟಿದವರು, 2023ರ ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟೆವು. ಶಿಖರ ಏರಿದೆವೇ ಎಂದು ಸಂಘದ ಮಿತ್ರರು ಈಗಲೂ ಕೇಳುತ್ತಾರೆ. ಇಲ್ಲ. ಯಾಕೆ ಇಲ್ಲ ಎಂಬುದನ್ನು ಹೇಳಲು ಈ ಬರಹ.

ಗೆಳೆಯನದ್ದೂ ನನ್ನದೂ ಮೂವತ್ತೈದು ವರ್ಷಗಳ ಸ್ನೇಹ. ಹಗಲು ಅವನು ಫೋರ್ಟಿನ ಕ್ಯಾಂಟೀನಿನಲ್ಲಿ, ನಾನು ಒಂದು ಕಚೇರಿಯಲ್ಲಿ ದುಡಿದು, ಸಂಜೆ ಕಾಲೇಜಿನ ಒಂದೇ ಬೆಂಚಿನಲ್ಲಿ ಕುಳಿತು ಬಿ.ಕಾಂ. ಮುಗಿಸಿದವರು. ನಾನು ಬ್ಯಾಂಕ್ ಸೇರಿದೆ; ಅವನು ಈಗ ಸ್ವಂತ ಕ್ಯಾಂಟೀನ್ ನಡೆಸುತ್ತಾನೆ. ಹಿಮ ನೋಡಬೇಕೆಂಬ ಆಸೆ ನನ್ನದು. "ನೀನು ಹೋಗುವುದಾದರೆ ನಾನೂ ಬರುತ್ತೇನೆ ಮಾರಾಯ" ಎಂದದ್ದು ಅವನು. ಮೂರು ತಿಂಗಳು ಪ್ರತಿ ಭಾನುವಾರ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕನ್ಹೇರಿ ಗುಹೆಗಳ ತನಕ ನಡೆದು ಕಾಲು ಗಟ್ಟಿ ಮಾಡಿಕೊಂಡೆವು.

ಡೆಹ್ರಾಡೂನ್‌ನಿಂದ ಮಸ್ಸೂರಿ, ಪುರೋಲಾ, ಮೋರಿ ದಾಟಿ ಸಾಂಕ್ರಿ ಹಳ್ಳಿಗೆ ಸುಮಾರು 200 ಕಿ.ಮೀ. ಜೀಪಿನಲ್ಲಿ ಇಡೀ ಹಗಲು ಬೇಕು. ದಾರಿಯಲ್ಲಿ ನೇಟ್ವಾರ್ ಎಂಬಲ್ಲಿ ರೂಪಿನ್ ಮತ್ತು ಸೂಪಿನ್ ನದಿಗಳು ಕೂಡಿ ಟೋನ್ಸ್ ನದಿಯಾಗುತ್ತದೆ. ಅದು ಮುಂದೆ ಯಮುನೆಯನ್ನು ಸೇರುತ್ತದೆ. ಸಾಂಕ್ರಿ ಸುಮಾರು 6,400 ಅಡಿ ಎತ್ತರದಲ್ಲಿದೆ. ಶಿಖರ ಸುಮಾರು 12,500 ಅಡಿ. ನಡುವೆ ಎರಡು ರಾತ್ರಿ ಡೇರೆಯಲ್ಲಿ ವಾಸ.

ಮೊದಲ ದಿನ ಪೈನ್ ಮತ್ತು ಓಕ್ ಮರಗಳ ಕಾಡಿನಲ್ಲಿ ಏರಿ ಜುಡಾ ಕಾ ತಾಲಾಬ್ ಎಂಬ ಸಣ್ಣ ಸರೋವರ ತಲುಪಿದೆವು. ನೀರು ಹೆಪ್ಪುಗಟ್ಟಿ ಕಲ್ಲಿನಂತಾಗಿತ್ತು. ಗೆಳೆಯ ಹಿಮವನ್ನು ಕೈಯಲ್ಲಿ ಹಿಡಿದು, "ನಮ್ಮ ಕ್ಯಾಂಟೀನಿನ ಫ್ರಿಜ್ಜಿನದ್ದೇ ಇದು" ಎಂದು ನಗಿಸಿದ. ವಿದೇಶಗಳಲ್ಲಿ ಆಳವಾದ ಹಸಿ ಹಿಮದ ಮೇಲೆ ನಡೆಯಲು ಬೂಟಿನಡಿ ಅಗಲ ಚೌಕಟ್ಟಿನ ಸ್ನೋ ಶೂ ಕಟ್ಟುತ್ತಾರೆ. ಮೈಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಿ ಕಾಲು ಹೂತುಹೋಗುವುದಿಲ್ಲ. ಕೇದಾರಕಂಠದ ಹಾದಿಯಲ್ಲಿ ಹಿಮ ತುಳಿದು ತುಳಿದು ಗಟ್ಟಿಯಾಗಿರುವುದರಿಂದ ಜಾರದಂತೆ ಬೂಟಿಗೆ ಉಕ್ಕಿನ ಮೊಳೆಗಳ ಸರಪಳಿ ತೊಡಿಸುತ್ತಾರೆ. ಹಿಮ ಒಳನುಗ್ಗದಂತೆ ಮೊಣಕಾಲಿನ ತನಕ ಗೇಟರ್ ಎಂಬ ಕವಚ.

ಎರಡನೇ ಸಂಜೆ ಸುಮಾರು 11,000 ಅಡಿಯ ಶಿಬಿರದಲ್ಲಿ ಗೈಡ್ ಎಲ್ಲರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, "ತಲೆನೋವು ಉಂಟೇ, ವಾಕರಿಕೆ ಉಂಟೇ?" ಎಂದು ವಿಚಾರಿಸಿದ. ಗೆಳೆಯ "ಏನೂ ಇಲ್ಲ" ಅಂದ. ಆದರೆ ಊಟದ ತಟ್ಟೆಯನ್ನು ಹಾಗೆಯೇ ಬದಿಗಿಟ್ಟ. ಅನ್ನ ಬಿಡುವವನಲ್ಲ ಅವನು. ಅದನ್ನು ಕಂಡೆ, ಕಂಡೂ ಸುಮ್ಮನಿದ್ದೆ. ಬೆಳಗಾದರೆ ಶಿಖರವಲ್ಲವೇ?

ಬೆಳಗಿನ ಜಾವ ಮೂರಕ್ಕೆ ತಲೆಗೆ ದೀಪ ಕಟ್ಟಿಕೊಂಡು ಹೊರಟೆವು. ಬಿಸಿಲೇರಿದರೆ ಹಿಮ ಮೆತ್ತಗಾಗಿ ಕಾಲು ಹೂಳುತ್ತದೆ, ಆದ್ದರಿಂದ ಈ ಗಡಿಬಿಡಿ. ಒಂದು ತಾಸಿನಲ್ಲಿ ಗೆಳೆಯ ಹಿಂದೆ ಬಿದ್ದ. "ಇನ್ನು ಸ್ವಲ್ಪ ಮಾರಾಯ, ಸ್ವಲ್ಪ" ಎಂದು ಕೈಹಿಡಿದು ಎಳೆದವನು ನಾನೇ. ಮತ್ತೆ ಹತ್ತು ಹೆಜ್ಜೆ. ಅವನು ಮೊಣಕಾಲೂರಿ ವಾಂತಿ ಮಾಡಿದ. ಗೈಡ್ ಓಡಿ ಬಂದು, ತಲೆನೋವು ಯಾವಾಗಿನಿಂದ ಎಂದು ಕೇಳಿದ. "ನಿನ್ನೆ ಮಧ್ಯಾಹ್ನದಿಂದ" ಎಂಬ ಉತ್ತರ ಬಂತು.

ಇನ್ನೊಬ್ಬ ಗೈಡ್ ಅವನನ್ನು ಕೆಳಗೆ ಕರೆದೊಯ್ಯುವುದು, ನಾನು ತಂಡದ ಜೊತೆ ಮುಂದುವರಿಯಬಹುದು ಎಂದರು. "ನೀನು ಹೋಗು, ಇಷ್ಟು ದೂರ ಬಂದಿದ್ದೀಯ" ಎಂದ ಗೆಳೆಯ. ನಿಜ ಹೇಳುತ್ತೇನೆ, ಒಂದು ಕ್ಷಣ ಅವನ ಮೇಲೆ ಸಿಟ್ಟು ಬಂತು. ಮರುಕ್ಷಣ ಆ ಊಟದ ತಟ್ಟೆ ಕಣ್ಣೆದುರು ಬಂತು. ಅವನು ಬಾಯಿಬಿಡದೆ ಮುಚ್ಚಿಟ್ಟದ್ದು ನನ್ನ ಆಸೆ ಕೆಡಬಾರದೆಂದು. ನಾನು ಕೇಳದೆ ಬಿಟ್ಟದ್ದು ನನ್ನ ಆಸೆಗಾಗಿಯೇ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ; ಇಬ್ಬರ ಬಳಿ ಇರುತ್ತದೆ. ಇಬ್ಬರೂ ಕಣ್ಣುಮುಚ್ಚಿದರೆ ಎರಡು ಕೀಲಿ ಇದ್ದು ಏನು ಪ್ರಯೋಜನ? ನಾನೂ ಕೆಳಗಿಳಿದೆ.

ಶಿಬಿರದಲ್ಲೂ ನಿಲ್ಲದೆ ನೇರ ಜುಡಾ ಕಾ ತಾಲಾಬ್‌ಗೆ ಇಳಿದೆವು. ದಾರಿಯಲ್ಲಿ ಸೂರ್ಯೋದಯವಾಗಿ ದೂರದ ಹಿಮಶಿಖರಗಳು ಕೆಂಪಾದವು. ಇಬ್ಬರೂ ನಿಂತು ನೋಡಿದೆವು. ಮಧ್ಯಾಹ್ನದ ಹೊತ್ತಿಗೆ ಅವನ ತಲೆನೋವು ಇಳಿದಿತ್ತು. "ಚಹಾ ಸಿಗಬಹುದಾ?" ಎಂದು ಕೇಳಿದಾಗ ನನ್ನ ಜೀವ ಬಂದಂತಾಯಿತು.

ಊರಿಗೆ ಬಂದು ಪರಿಚಯದ ವೈದ್ಯರಲ್ಲಿ ವಿಚಾರಿಸಿದೆ. 12,500 ಅಡಿಯಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ತಲೆನೋವು, ಊಟ ಸೇರದಿರುವುದು, ವಾಕರಿಕೆ, ವಿಪರೀತ ಸುಸ್ತು ಎತ್ತರದ ಕಾಯಿಲೆಯ ಲಕ್ಷಣಗಳು. ಲಕ್ಷಣವಿದ್ದಾಗ ಮೇಲೇರಬಾರದು, ಹೆಚ್ಚಾದರೆ ಕೂಡಲೇ ಇಳಿಯಬೇಕು. ಅಲಕ್ಷಿಸಿದರೆ ಶ್ವಾಸಕೋಶ ಅಥವಾ ಮಿದುಳಿನಲ್ಲಿ ನೀರು ತುಂಬಿ ಪ್ರಾಣಕ್ಕೇ ಅಪಾಯ. ಕಾಲು ಎಷ್ಟು ಗಟ್ಟಿಯಿದ್ದರೂ ಈ ಕಾಯಿಲೆ ಬರಬಹುದು. ಕನ್ಹೇರಿಯ ನಡಿಗೆ ನಮ್ಮನ್ನು ಇದರಿಂದ ಕಾಪಾಡಲಾರದು ಎಂದು ಆಗ ತಿಳಿಯಿತು.

ನಮ್ಮ ಸಂಘ ಸಂಸ್ಥೆಗಳೂ ಈಗ ಬದರಿ, ಕೇದಾರ ಎಂದು ಪ್ರವಾಸ ಹಮ್ಮಿಕೊಳ್ಳುತ್ತವೆ. ಕೇದಾರನಾಥವೂ 11,700 ಅಡಿ ಮೀರಿದ ಎತ್ತರದಲ್ಲಿದೆ. ಹೋಗುವ ಹಿರಿಯರು ಮೊದಲೇ ವೈದ್ಯರ ಸಲಹೆ ಪಡೆಯಲಿ. ಜೊತೆಗಿರುವವರು ಊಟ ಬಿಟ್ಟರೆ, ಮಾತು ಕಡಿಮೆ ಮಾಡಿದರೆ ಸಂಕೋಚವಿಲ್ಲದೆ ಕೇಳಿ. ನಿಮಗೇ ಹಾಗಾದರೆ ಮುಚ್ಚಿಡಬೇಡಿ.

ನಮ್ಮಿಬ್ಬರ ಫೋಟೋ ಇರುವುದು ಶಿಖರದಲ್ಲಲ್ಲ, ಹೆಪ್ಪುಗಟ್ಟಿದ ಸರೋವರದ ದಡದಲ್ಲಿ, ಕೈಯಲ್ಲಿ ಚಹಾ ಲೋಟ ಹಿಡಿದು. ಅದು ಈಗ ಅವನ ಕ್ಯಾಂಟೀನಿನ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿದೆ.