ಬಸ್ಸಿನ ಕಿಟಕಿಗೆ ಬರೆದ ಮುಖ

ಜಗಲಿಯ ಕಂಬದಲ್ಲಿ ಕ್ಷೌರದಂಗಡಿಯ ಹಳೆಯ ಕನ್ನಡಿಯೊಂದು ನೇತಾಡುತ್ತಿದೆ. ಮುಖ ನೋಡಿಕೊಳ್ಳುವ ಎತ್ತರಕ್ಕಿಂತ ಒಂದಡಿ ಮೇಲೆ, ಸ್ವಲ್ಪ ಮುಂದಕ್ಕೆ ಬಾಗಿ. ಇಷ್ಟು ಮೇಲೆ ಯಾಕೆ ಎಂದು ಕೇಳಿದೆ.

"ಅದು ನನ್ನ ಮಾಸ್ಟ್ರು" ಎಂದರು ಅವರು. "ನಮ್ಮ ತಪ್ಪು ನಮಗೆ ಕಾಣುದಿಲ್ಲ ಮಾರಾಯ್ರೆ. ದಿನವಿಡೀ ನೋಡಿ ನೋಡಿ ಓರೆ ಮೂಗೂ ನೆಟ್ಟಗೇ ಕಾಣ್ತದೆ. ಚಿತ್ರಕ್ಕೆ ಬೆನ್ನು ಹಾಕಿ ನಿಂತು ಕನ್ನಡಿಯಲ್ಲಿ ನೋಡಿದ್ರೆ ಎಡದ್ದು ಬಲಕ್ಕೆ ಹೋಗ್ತದಲ್ಲ, ಆಗ ಓರೆ ಇದ್ದದ್ದು ಓರೆಯೇ ಕಾಣ್ತದೆ."

ಪುತ್ತೂರಿನಿಂದ ಸವಣೂರು ದಾರಿಯಲ್ಲಿ ಬಂದು ಕಾಣಿಯೂರು ದಾಟಿ ಒಳಗೆ ಹೋದರೆ ಸಿನಿಮಾ ಬ್ಯಾನರು ಬರೆಯುತ್ತಿದ್ದ ಇವರ ಮನೆ. ಈಗ ಕಡಬ ತಾಲೂಕು. ಇವರು ಬ್ರಷ್ ಹಿಡಿದ ಕಾಲಕ್ಕೆ ಪುತ್ತೂರು ತಾಲೂಕು. ಹೆಸರು ಹಾಕಬಾರದು, ಫೋಟೋ ತೆಗೆಯಬಾರದು ಎಂಬ ಎರಡು ಷರತ್ತಿನ ಮೇಲೆ ಮಾತಿಗೆ ಕುಳಿತರು. ನಾನು ಹೋದದ್ದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸಿನಿಮಾ ಪೋಸ್ಟರುಗಳ ಬಗ್ಗೆ ಬರೆಯಲು. ಬಂದದ್ದು ಹೆಚ್ಚುಕಡಿಮೆ ಆ ಕನ್ನಡಿಯನ್ನೇ ತಲೆಯಲ್ಲಿ ಹೊತ್ತುಕೊಂಡು.

ಟಾಕೀಸಿಗೆ ಚಿತ್ರದ ಪೆಟ್ಟಿಗೆ ಬರುವ ಮೊದಲೇ ಅಚ್ಚಾದ ಪೋಸ್ಟರು ಮತ್ತು ಒಂದಷ್ಟು ಸ್ಟಿಲ್ಲು ಬರುತ್ತಿತ್ತು. ಸ್ಟಿಲ್ಲಿನ ಮೇಲೆ ಪೆನ್ಸಿಲಿನಲ್ಲಿ ಇಂಚು ಇಂಚಿಗೆ ಗೆರೆ. ಅಡಿಕೆ ಮರದ ಸಲಾಕೆಯ ಚೌಕಟ್ಟಿಗೆ ಬಿಗಿದ ಗಾಡಾ ಬಟ್ಟೆಗೆ ಸರೇಸು, ಸತುವಿನ ಬಿಳಿ ಬಳಿದು ಒಣಗಿಸಿ, ಬಡಗಿಗಳು ಮರಕ್ಕೆ ಹೊಡೆಯುವ ಹಾಗೆ ಕಾವಿಯಲ್ಲಿ ಅದ್ದಿದ ನೂಲು ಹೊಡೆದು ಅಡಿ ಅಡಿಗೆ ಚೌಕ. ಆ ಚೌಕದಲ್ಲಿ ಹುಬ್ಬಿನ ಕೊನೆ ಇದ್ದರೆ ಈ ಚೌಕದಲ್ಲೂ ಹುಬ್ಬಿನ ಕೊನೆ. ಇಷ್ಟನ್ನು ಯಾರಿಗೆ ಬೇಕಾದರೂ ಕಲಿಸಬಹುದಂತೆ. ಬಣ್ಣ ಕಲಸುವುದರ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ನೆರಳಿಗೆ ಕಪ್ಪು ಹಾಕಿದರೆ ಮುಖ ಸತ್ತ ಹಾಗೆ ಕಾಣುತ್ತದೆ, ಹಸಿರೋ ನೀಲಿಯೋ ಹಾಕಬೇಕು, ಬೆಳಕಿನ ಕೆನ್ನೆಗೆ ಕಿತ್ತಳೆ ಹೊಡೆಯಬೇಕು ಎಂದರು. ಕಿತ್ತಳೆ ಮುಂದೆ ಬರುತ್ತದೆ, ನೀಲಿ ಹಿಂದೆ ಸರಿಯುತ್ತದೆ. ಮುಖ ಬಟ್ಟೆಯಿಂದ ಎದ್ದು ಬರುವುದು ಹಾಗೆ.

ಆದರೆ ಎಲ್ಲಿ ಏನು ಇರಬೇಕು ಎಂಬ ವಿಷಯ ಬಂದಾಗ ಅವರು ಎದ್ದು ನಿಂತರು. ಅಂಗಳದ ಧೂಳಿನಲ್ಲಿ ಕೋಲಿನಿಂದ ಒಂದು ತಿರುವು ಎಳೆದರು.

"ಇದು ರಸ್ತೆ. ಬಸ್ಸು ಹೀಗೆ ಬರ್ತದೆ. ಕಿಟಕಿಯಲ್ಲಿ ಕೂತವನಿಗೆ ನನ್ನ ಬ್ಯಾನರು ಎಷ್ಟು ಹೊತ್ತು ಕಾಣ್ತದೆ? ಡ್ರೈವರ್ ಗೇರು ಬದಲಿಸಿ ತಿರುವು ತಿರುಗಿಸುವಷ್ಟು ಹೊತ್ತು. ಅಷ್ಟರಲ್ಲಿ ಮೂರು ಸಂಗತಿ ಅವನ ಕಣ್ಣಿಗೆ ಬೀಳಬೇಕು. ಮುಖ, ಚಿತ್ರದ ಹೆಸರು, ಟಾಕೀಸು. ನಾಲ್ಕನೆಯದ್ದು ಹಾಕಿದ್ರೆ ಮೂರೂ ಹೋಯ್ತು."

ಆದ್ದರಿಂದ ಬರೆಯುವ ಮೊದಲು ಜಾಗ ನೋಡಿ ಬರುತ್ತಿದ್ದರಂತೆ. ಬಸ್ಸು ಎಡದಿಂದ ಬರುವ ಕಡೆ ದೊಡ್ಡ ಮುಖ ಬಲತುದಿಯಲ್ಲಿ, ಎಡಕ್ಕೆ ನೋಡುತ್ತ: ಬರುವವರನ್ನೇ ಕಾಯುತ್ತಿದ್ದ ಹಾಗೆ. ಮುಖ ಯಾವ ಕಡೆ ನೋಡುತ್ತದೋ ಆ ಕಡೆ ಜಾಗ ಖಾಲಿ ಬಿಡಬೇಕು, ಚಿತ್ರದ ಹೆಸರು ಅಲ್ಲಿ ಕೂರುತ್ತದೆ. "ಮೂಗಿಗೆ ಗೋಡೆ ಕಟ್ಟಬಾರದು" ಎಂಬುದು ಅವರ ಮಾತು. ಕ್ಯಾಮೆರಾ ಹಿಡಿಯುವವರಿಗೆ ಸಿನಿಮಾ ಶಾಲೆಗಳಲ್ಲಿ ಹೇಳಿಕೊಡುವ ಪಾಠ ಇದೇ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಪಾಲು ಮಾಡಿ, ಗೆರೆಗಳು ಕೂಡುವಲ್ಲಿ ಕಣ್ಣು ಬರುವಂತೆ ಇಡು ಎನ್ನುತ್ತಾರಲ್ಲ, ಅದನ್ನು ಹೇಳಿದೆ. ಸ್ವಲ್ಪ ಯೋಚಿಸಿ, "ನಡುಮಧ್ಯ ಇಟ್ರೆ ದೇವರ ಫೋಟೋ ಆಗ್ತದೆ, ಅಷ್ಟೇ ನನಗೆ ಗೊತ್ತಿದ್ದದ್ದು" ಎಂದರು.

ದೇವರ ಮಾತು ಬಂತೆಂದು ಕೇಳಿದೆ, ಇದೆಲ್ಲ ಕಲಿತದ್ದು ಎಲ್ಲಿ? ಪುತ್ತೂರಿನಲ್ಲಿ ಬೋರ್ಡು ಬರೆಯುವವರೊಬ್ಬರ ಹತ್ತಿರ ಅಕ್ಷರ ಕಲಿತರಂತೆ. ಉಳಿದದ್ದು ಯಕ್ಷಗಾನದ ಆಟ ಮತ್ತು ಕೋಲ ನೋಡಿ. ಭೂತಕೋಲದಲ್ಲಿ ಬೆನ್ನಿಗೆ ಕಟ್ಟುವ ಅಣಿ ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ಅಷ್ಟು ದೊಡ್ಡ ಅಣಿಯ ನಡುವೆ ಮನುಷ್ಯನ ಮುಖ ಅಂಗೈಯಗಲ. ಆದರೂ ಗದ್ದೆಯ ಆಚೆ ಬದಿಯಲ್ಲಿ ಕುಳಿತವನ ಕಣ್ಣು ಹೋಗುವುದು ಆ ಮುಖಕ್ಕೇ, ಅಣಿಯ ಸುತ್ತೆಲ್ಲ ಅತ್ತ ತಿರುಗಿಸುವ ಬಾಣದ ಗುರುತಿನ ಹಾಗೆ ಕೆಲಸ ಮಾಡುತ್ತದೆ. ಕೆಳಗಿನಿಂದ ದೊಂದಿಯ ಬೆಳಕು. ಯಕ್ಷಗಾನದ ಬಣ್ಣದ ವೇಷದ ಕಣ್ಣು ಮೂಗಿಗೆ ಅಷ್ಟು ದಪ್ಪ ಗೆರೆ ಯಾಕೆಂದರೆ ಅದೂ ದೂರದವನಿಗೆ ಬರೆದ ಮುಖ.

ಹಿಂದಿನದ್ದು ಕೇಳಿದರೆ ಅವರಿಗೆ ಇಸವಿ ನೆನಪಿಲ್ಲ, ಚಿತ್ರ ನೆನಪಿದೆ. "ನಾಗರಹಾವು" ಮತ್ತು "ಬಂಗಾರದ ಮನುಷ್ಯ" ಬಂದ ವರ್ಷ ಎಂದರು, ಅಂದರೆ 1972. ಆಗೆಲ್ಲ ಜೀಪಿಗೆ ಮೈಕು ಕಟ್ಟಿ ಹಳದಿ, ಗುಲಾಬಿ ನೋಟೀಸು ಎಸೆಯುತ್ತ ಹೋಗುವುದು, ಮಕ್ಕಳು ಹಿಂದೆ ಓಡುವುದು. ಪುತ್ತೂರಿನ ಅರುಣಾ ಟಾಕೀಸಿನಲ್ಲಿ ಏನು, ಸುಳ್ಯದ ಸಂತೋಷದಲ್ಲಿ ಏನು ಎಂಬುದನ್ನು ಹಳ್ಳಿಯವರು ತಿಳಿಯುತ್ತಿದ್ದದ್ದು ಗೋಡೆ ನೋಡಿ. ಪೋಸ್ಟರು ಅಂಟಿಸುವ ಮೈದಾ ಹಿಟ್ಟಿನ ಅಂಟಿಗೆ ಒಂದು ಚಿಟಿಕೆ ಮೈಲುತುತ್ತು ಬೆರೆಸುತ್ತಿದ್ದರು, ಇಲ್ಲವಾದರೆ ದನ ಬಂದು ನಾಯಕಿಯನ್ನು ತಿಂದು ಹೋಗುತ್ತಿತ್ತು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಊರಿನಲ್ಲಿ ಮೈಲುತುತ್ತಿಗೇನು ಬರ? ಜೂನಿನಲ್ಲಿ ಮಳೆ ಹಿಡಿದರೆ ಮಾತ್ರ ಮೈಲುತುತ್ತೂ ಇಲ್ಲ, ಮೈದಾವೂ ಇಲ್ಲ. ಮಾಡಿನ ಕೆಳಗಿನ ಗೋಡೆಗಳಿಗಷ್ಟೇ ಆಗ ಬೆಲೆ.

ಈ ಕಸುಬಿಗೆ ದೊಡ್ಡ ವಂಶವೇ ಇದೆ. ಈಗ ಉಳಿದಿರುವ ಭಾರತೀಯ ಸಿನಿಮಾ ಪೋಸ್ಟರುಗಳಲ್ಲಿ ಹಳೆಯದು ಎನ್ನಲಾಗುವ 1924ರ "ಕಲ್ಯಾಣ ಖಜಿನಾ"ದ್ದು ಕೊಲ್ಲಾಪುರದ ಬಾಬುರಾವ್ ಪೇಂಟರ್ ಅವರದ್ದು. ಚಿತ್ರ ಮಾಡಿದವರೂ ಅವರೇ, ಹೆಸರಿನಲ್ಲೇ ಕಸುಬು. ಎಂ. ಎಫ್. ಹುಸೇನ್ ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. ಇದನ್ನು ಹೇಳಿದಾಗ ನಮ್ಮವರು ತಲೆಯಾಡಿಸಿದರು, ಅಷ್ಟೇ. ಅವರಿಗೆ ಕುತೂಹಲ ಹುಟ್ಟಿದ್ದು ಕಾರಂತರ ಹೆಸರು ಬಂದಾಗ.

ಪುತ್ತೂರಿನ ಪರ್ಲಡ್ಕದ ಬಾಲವನಕ್ಕೆ ಹೋಗುವವರು ಶಿವರಾಮ ಕಾರಂತರ ಕಾದಂಬರಿ, ನಾಟ್ಯ, ಯಕ್ಷಗಾನ ನೆನೆಯುತ್ತಾರೆ. ಕಾರಂತರು 1930ರಲ್ಲಿ "ಡೊಮಿಂಗೊ", 1931ರಲ್ಲಿ "ಭೂತರಾಜ್ಯ" ಎಂಬ ಮೂಕಿ ಚಿತ್ರಗಳನ್ನು ಮಾಡಿದ್ದು ಯಾರ ಬಾಯಲ್ಲೂ ಬರುವುದಿಲ್ಲ. ಮೊದಲ ಕನ್ನಡ ಟಾಕಿ "ಸತಿ ಸುಲೋಚನಾ" ಬಂದದ್ದು 1934ರಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಮಾತಿಲ್ಲದ ಚಿತ್ರದಲ್ಲಿ ಎಲ್ಲವನ್ನೂ ಚೌಕಟ್ಟೇ ಹೇಳಬೇಕು. 1978ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ, "ಕುಡಿಯರ ಕೂಸು" ಕಾದಂಬರಿಯನ್ನು "ಮಲೆಯ ಮಕ್ಕಳು" ಎಂದು ತಾವೇ ನಿರ್ದೇಶಿಸಿದರು. ಅವರ "ಚೋಮನ ದುಡಿ"ಯನ್ನು ಬಿ. ವಿ. ಕಾರಂತರು 1975ರಲ್ಲಿ ಚಿತ್ರವಾಗಿಸಿದರು, ಕ್ಯಾಮೆರಾ ಎಸ್. ರಾಮಚಂದ್ರ ಅವರದ್ದು, ಅದಕ್ಕೆ ಸ್ವರ್ಣಕಮಲ, ಚೋಮನಾದ ಎಂ. ವಿ. ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ. "ಬೆಟ್ಟದ ಜೀವ"ವಂತೂ ಇದೇ ದಾರಿಯ ಕಥೆ. ಸುಬ್ರಹ್ಮಣ್ಯದ ಕಡೆಯಿಂದ ಬರುತ್ತ ಕಾಡಿನಲ್ಲಿ ದಾರಿ ತಪ್ಪಿದವನು ಗೋಪಾಲಯ್ಯನವರ ಮನೆ ಸೇರುತ್ತಾನೆ. ಪಿ. ಶೇಷಾದ್ರಿ ಅದನ್ನು ಚಿತ್ರ ಮಾಡಿದಾಗ ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂತು.

"ಬೆಟ್ಟ ಬರೆಯುದು ಕಷ್ಟ" ಎಂದರು ಅವರು, ಕುಮಾರಪರ್ವತದ ದಿಕ್ಕಿಗೆ ಕೈ ಮಾಡಿ. ಅಂದು ಅಲ್ಲಿ ಮೋಡ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. "ಬೆಟ್ಟ ದೊಡ್ಡದು ಅಂತ ದೊಡ್ಡದಾಗಿ ಬರೆದ್ರೆ ಸಣ್ಣ ಕಾಣ್ತದೆ. ಬುಡದಲ್ಲಿ ಒಂದು ಸಣ್ಣ ಮನೆ ಇಡಬೇಕು."

ಫ್ಲೆಕ್ಸ್ ಬಂದಮೇಲೆ ವಾರದ ಕೆಲಸ ಅರ್ಧ ಗಂಟೆಯದ್ದಾಯಿತು, ದರವೂ ಇಳಿಯಿತು. ಕೆಲವು ವರ್ಷ ಅಂಗಡಿಯ ಬೋರ್ಡು, ಶಾಲೆಯ ಗೋಡೆ, ಭಜನಾ ಮಂದಿರದ ಕಮಾನು ಎಂದು ದಿನ ದೂಡಿದರು. ಈಗ ಅದೂ ಇಲ್ಲ. ಫ್ಲೆಕ್ಸನ್ನು ಬೈಯಲು ಅವರು ತಯಾರಿಲ್ಲ, ಬೈಯುವ ಕೆಲಸ ನನಗೇ ಇರಲಿ. ಪುತ್ತೂರು ಪೇಟೆಯಲ್ಲಿ ಇಳಿದು ಒಂದು ಶುಭಾಶಯದ ಫ್ಲೆಕ್ಸ್ ನೋಡಿ: ನಡುವೆ ನಾಯಕರು, ಸುತ್ತ ಪಾಸ್‌ಪೋರ್ಟ್ ಅಳತೆಯ ಇಪ್ಪತ್ತೆಂಟು ಮುಖ. ಎಲ್ಲರೂ ನಮ್ಮನ್ನೇ ನೋಡುತ್ತಾರೆ, ನಾವು ಒಬ್ಬರನ್ನೂ ನೋಡುವುದಿಲ್ಲ. ಬಾಲವನದ ಒಂದು ಗೋಡೆಯನ್ನು ಇಂಥ ಒಬ್ಬರ ಕೈಗೆ ಕೊಟ್ಟು, ಹತ್ತು ಮಕ್ಕಳನ್ನು ಎದುರು ಕೂರಿಸಿದರೆ ಹೋಗುವ ಗಂಟೇನು?

ನೀವು ಬರೆದದ್ದು ಒಂದಾದರೂ ಇದೆಯೇ ಎಂದೆ. ಇರಲು ಸಾಧ್ಯವಿಲ್ಲ, ಚಿತ್ರ ಹೋದ ಮೇಲೆ ಅದೇ ಬಟ್ಟೆಗೆ ಬಿಳಿ ಬಳಿದು ಹೊಸದನ್ನು ಬರೆಯುತ್ತಿದ್ದೆವು ಎಂದರು. ಒಂದೇ ಬಟ್ಟೆಯಲ್ಲಿ ರಾಜ್‌ಕುಮಾರ್ ಮೇಲೆ ವಿಷ್ಣುವರ್ಧನ್, ಅವರ ಮೇಲೆ ಅಂಬರೀಶ್. ಬಣ್ಣ ದಪ್ಪವಾಗಿ ಮಡಚಲು ಬಾರದಂತಾದರೆ ಯಾರಾದರೂ ಕೇಳಿ ಒಯ್ಯುತ್ತಿದ್ದರು, ಎಣ್ಣೆ ಬಣ್ಣ ಕುಡಿದ ಬಟ್ಟೆಯಲ್ಲಿ ನೀರು ಇಳಿಯುವುದಿಲ್ಲ.

ಹೊರಡುವಾಗ ಏನೋ ನೆನಪಾಗಿ ಹಿತ್ತಿಲಿಗೆ ಕರೆದುಕೊಂಡು ಹೋದರು. ಸೌದೆ ಕೊಟ್ಟಿಗೆಯ ಪಡುಬದಿಗೆ, ಗಾಳಿಮಳೆ ಹೊಡೆಯುವ ಕಡೆ, ಒಂದು ತುಂಡು ಬಟ್ಟೆ ಕಟ್ಟಿತ್ತು. ಪಾಚಿ ಹಿಡಿದು ಕಪ್ಪಾಗಿದೆ. ಒಂದು ಮೂಲೆಯಲ್ಲಿ ಬಣ್ಣದ ಪದರು ಕಿತ್ತು ಬಂದ ಕಡೆ ಅಂಗೈಯಗಲದ ಒಂದು ಕಣ್ಣು, ಅರ್ಧ ಹುಬ್ಬು, ಕೆನ್ನೆಯಲ್ಲಿ ಇನ್ನೂ ಆರದ ಕಿತ್ತಳೆ. ಯಾರ ಕಣ್ಣು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು ಬಾಳೆಬುಡದ ಹತ್ತಿರ ನಿಂತು, ಕಣ್ಣನ್ನು ಅರ್ಧ ಮುಚ್ಚಿ ನೋಡಿದರು.

"ಹುಬ್ಬು ಒಂದು ಗೆರೆ ಮೇಲೆ ಹೋಯ್ತು" ಎಂದರು.