ಐದು ಅಡಿ ಹಲಗೆಯ ಮೇಲೊಂದು ಗೂಡ್ಸ್ ಯಾರ್ಡ್

ಎಂಜಿನ್ ಒಂದು ಹಳಿಯಿಂದ ವ್ಯಾಗನ್ ಎಳೆದು, ಇನ್ನೊಂದು ಹಳಿಗೆ ತಳ್ಳಿ, ಬೇಕಾದ ಕಡೆ ಬಿಟ್ಟು ಬರುವ ಕೆಲಸಕ್ಕೆ ರೈಲ್ವೆಯವರು ಶಂಟಿಂಗ್ ಎನ್ನುತ್ತಾರೆ. ಮಾದರಿ ರೈಲು ಕಟ್ಟುವ ಹವ್ಯಾಸದಲ್ಲಿ ಈ ಕೆಲಸಕ್ಕೆಂದೇ ಮೀಸಲಾದ ಒಂದು ಬಗೆಯಿದೆ. ಗುಂಡಗೆ ಸುತ್ತುವ ರೈಲಿಗೆ ಕೋಣೆ ತುಂಬ ಜಾಗ ಬೇಕು. ಶಂಟಿಂಗ್ ಯಾರ್ಡಿಗೆ ಐದು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ ಸಾಕು. ಜಾಗ ಕಡಿಮೆ ಇರುವುದು ಇಲ್ಲಿ ಕೊರತೆಯಲ್ಲ. ಆಟ ಹುಟ್ಟುವುದೇ ಅದರಿಂದ.

ಸುರಪುರ ಸೀಮೆಯ ಕೆಂಭಾವಿಗೆ ರೈಲು ಹಳಿಯಿಲ್ಲ. ಅಲ್ಲಿಯವರು ರೈಲು ಹತ್ತಲು ಯಾದಗಿರಿಗೆ ಹೋಗಬೇಕು. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ನಿಲ್ದಾಣ ಇರುವುದು ಅದೇ ಮಾರ್ಗದಲ್ಲಿ. ಹಳಿಯಿಲ್ಲದ ಊರಿಗೂ ಒಂದು ಗೂಡ್ಸ್ ಶೆಡ್ ಇದ್ದಿದ್ದರೆ ಹೇಗಿರುತ್ತಿತ್ತು ಎಂಬ ಕಲ್ಪನೆಗೆ ರೂಪ ಕೊಡಲು ಇಂಥ ಹಲಗೆ ಹೇಳಿ ಮಾಡಿಸಿದ್ದು.

ಕಾಲವನ್ನು 1970ರ ದಶಕಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ನಾಲ್ಕು ಚಕ್ರದ ಬಿಡಿ ವ್ಯಾಗನ್‌ಗಳಲ್ಲಿ ಸರಕು ಬರುತ್ತಿತ್ತು, ಒಂದೊಂದನ್ನೂ ಬೇರ್ಪಡಿಸಿ ಅದರದರ ಜಾಗಕ್ಕೆ ಸೇರಿಸಬೇಕಿತ್ತು. 1980ರ ದಶಕದಿಂದ ಭಾರತೀಯ ರೈಲ್ವೆ ಇಡೀ ರೇಕನ್ನು, ಅಂದರೆ ಜೋಡಿಸಿದ ವ್ಯಾಗನ್‌ಗಳ ಸಾಲನ್ನು, ಒಂದೇ ಕಡೆಯಿಂದ ಒಂದೇ ಕಡೆಗೆ ಸಾಗಿಸುವ ಪದ್ಧತಿಗೆ ತಿರುಗಿತು. ಸಣ್ಣ ನಿಲ್ದಾಣಗಳ ಶಂಟಿಂಗ್ ಇದರೊಂದಿಗೆ ಮರೆಯಾಗುತ್ತ ಬಂತು.

ಯಾರ್ಡಿನ ನಕ್ಷೆಗೆ ಬ್ರಿಟನ್ನಿನ ಆಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಒಳ್ಳೆಯ ಮಾದರಿ. ಅದರಲ್ಲಿರುವುದು ಹಳಿ ಕವಲೊಡೆಯುವ ಎರಡು ಪಾಯಿಂಟ್, ವ್ಯಾಗನ್ ನಿಲ್ಲುವ ಮೂರು ಸೈಡಿಂಗ್, ಎಂಜಿನ್ ಹಿಂದೆ ಮುಂದೆ ಓಡಾಡಲು ಒಂದು ಹೆಡ್‌ಶಂಟ್, ಇಷ್ಟೇ. ಒಂದು ಸೈಡಿಂಗಿನಲ್ಲಿ ಐದು ವ್ಯಾಗನ್, ಉಳಿದ ಎರಡರಲ್ಲಿ ಮೂರು ಮೂರು ಹಿಡಿಸಬೇಕು. ಹೆಡ್‌ಶಂಟಿನಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ ಮಾತ್ರ ನಿಲ್ಲಬೇಕು. ನಾಲ್ಕನೆಯದಕ್ಕೆ ಜಾಗ ಸಿಕ್ಕಿತೆಂದರೆ ಆಟ ಸಡಿಲವಾಗುತ್ತದೆ. ಇದಕ್ಕಿಂತ ಕಠಿಣವಾದುದು ಬೇಕೆಂದರೆ ಅಮೆರಿಕದ ಜಾನ್ ಆಲನ್ 1972ರಲ್ಲಿ ಪ್ರಕಟಿಸಿದ ‘ಟೈಮ್‌ಸೇವರ್’ ಇದೆ. ಅದರಲ್ಲಿ ಐದು ಪಾಯಿಂಟ್.

ಅಳತೆಗೆ ಎಚ್‌ಒ ಪ್ರಮಾಣ, ಅಂದರೆ 1:87, ಅನುಕೂಲ. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜಿನ 1676 ಮಿ.ಮೀ. ಈ ಪ್ರಮಾಣಕ್ಕೆ ಇಳಿದಾಗ 19.3 ಮಿ.ಮೀ. ಆಗಬೇಕು. ಆದರೆ ಸಿದ್ಧ ಹಳಿ, ಸಿದ್ಧ ಚಕ್ರ ಸಿಗುವುದು 16.5ಕ್ಕೇ ಆದ್ದರಿಂದ ಈ ವ್ಯತ್ಯಾಸವನ್ನು ಒಪ್ಪಿಕೊಂಡು ಮುಂದುವರಿಯುವುದು ಸುಲಭದ ದಾರಿ.

ವ್ಯಾಗನ್ನಿಗೆ 10 ಸೆಂ.ಮೀ., ಎಂಜಿನ್ನಿಗೆ 15 ಸೆಂ.ಮೀ., ಪಾಯಿಂಟಿಗೆ 18 ಸೆಂ.ಮೀ. ಎಂದು ಹಿಡಿದರೆ ಹೆಡ್‌ಶಂಟಿಗೆ ಬೇಕಾಗುವುದು 45 ಸೆಂ.ಮೀ., ಉದ್ದದ ಸೈಡಿಂಗಿಗೆ 50 ಸೆಂ.ಮೀ. ಪಾಯಿಂಟಿನಾಚೆ ಎರಡು ಹಳಿಗಳ ವ್ಯಾಗನ್‌ಗಳು ಒಂದಕ್ಕೊಂದು ತಾಗದಂತೆ ಏಳೆಂಟು ಸೆಂ.ಮೀ. ಖಾಲಿ ಬಿಡಬೇಕು. ಎರಡೂ ತುದಿಯ ಅಂಚು ಸೇರಿ ಎಲ್ಲವೂ 152 ಸೆಂ.ಮೀ.ಯಲ್ಲಿ, ಎಂದರೆ ಐದು ಅಡಿಯಲ್ಲಿ, ಕೂರುತ್ತವೆ.

ಈ ಐದು ಅಡಿಯನ್ನು ಎರಡೂವರೆ ಅಡಿಯ ಎರಡು ಪೆಟ್ಟಿಗೆಗಳಾಗಿ ಮಾಡಿದರೆ ಬಸ್ಸಿನಲ್ಲೂ ಒಯ್ಯಬಹುದು. ಮೇಲುಹಾಸಿಗೆ 9 ಮಿ.ಮೀ. ಪ್ಲೈವುಡ್, ಸುತ್ತ ನಾಲ್ಕು ಇಂಚಿನ ಪಟ್ಟಿ, ಎರಡನ್ನೂ ಬಿಗಿಯಲು ಬೋಲ್ಟ್ ಇದ್ದರಾಯಿತು. ಪೆಟ್ಟಿಗೆಗಳು ಕೂಡುವ ಗೆರೆ ಪಾಯಿಂಟಿನ ಮೇಲೆ ಬೀಳಬಾರದು. ಎರಡು ಪಾಯಿಂಟ್‌ಗಳ ನಡುವೆ ನಾಲ್ಕಾರು ಸೆಂ.ಮೀ. ಬಿಟ್ಟು ಅಲ್ಲಿಗೆ ಗೆರೆ ಬರುವಂತೆ ನೋಡಿಕೊಳ್ಳಬೇಕು. ಗೆರೆಯ ಅಂಚಿನಲ್ಲಿ ಹಳಿಯನ್ನು ಹಿತ್ತಾಳೆ ಸ್ಕ್ರೂಗೆ ಬೆಸುಗೆ ಹಾಕಿದರೆ ಪೆಟ್ಟಿಗೆಯನ್ನು ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಹಳಿ ಜಾಗ ಬಿಡುವುದಿಲ್ಲ.

ಶಂಟಿಂಗ್ ಎಂಜಿನ್ ಬಲು ನಿಧಾನವಾಗಿ ಚಲಿಸುತ್ತದೆ. ಹಳಿಯಿಂದ ವಿದ್ಯುತ್ ಅರೆಕ್ಷಣ ತಪ್ಪಿದರೂ ಅದು ನಿಂತುಬಿಡುತ್ತದೆ. ಆದ್ದರಿಂದ ಪಾಯಿಂಟಿನಲ್ಲಿ ಹಳಿಗಳು ಒಂದನ್ನೊಂದು ದಾಟುವ ಮೂಲೆ ಪ್ಲಾಸ್ಟಿಕ್ಕಿನದಾಗಿರದೆ ವಿದ್ಯುತ್ ಹರಿಯುವ ಲೋಹದ್ದಾಗಿರಬೇಕು. ಬಯಲುಸೀಮೆಯ ದೂಳಿಗೆ ಹಳಿಯ ತಲೆಯನ್ನು ಆಗಾಗ ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಬೇಸಿಗೆಯ ಬಿಸಿಲಿಗೆ ಹಳಿ ಹಿಗ್ಗುತ್ತದೆ. ಜೋಡಣೆಗಳಲ್ಲಿ ಕೂದಲೆಳೆಯಷ್ಟು ಸಂದು ಬಿಡದಿದ್ದರೆ ಬಾಗುತ್ತದೆ.

ಹಳಿಗೊಂದು ಕಾರಣವಿದ್ದರೆ ಯಾರ್ಡ್ ಊರಾಗುತ್ತದೆ. ಒಂದು ಸಣ್ಣ ಸೈಡಿಂಗ್ ಗೂಡ್ಸ್ ಶೆಡ್ಡಿಗೆ: ಗೊಬ್ಬರದ ಚೀಲ ಇಳಿಯಬೇಕು, ತೊಗರಿ ಏರಬೇಕು. ಇನ್ನೊಂದು ಹತ್ತಿ ಜಿನ್ನಿಗೆ. ಉದ್ದದ ಸೈಡಿಂಗಿನಲ್ಲಿ ಹೊರಡುವ ಗಾಡಿ ಸಿದ್ಧವಾಗುತ್ತದೆ. ತೆಳುವಾದ ಬೂದು ಕಾರ್ಡನ್ನು ಚೌಕವಾಗಿ ಕತ್ತರಿಸಿ ಅಂಟಿಸಿದರೆ ಶಹಾಬಾದ್ ಫರಸಿಯ ದಕ್ಕೆಯಾಗುತ್ತದೆ. ಜರಡಿ ಹಿಡಿದ ಎರೆಮಣ್ಣು, ಅಲ್ಲಲ್ಲಿ ಜಾಲಿಗಿಡ, ಹಿಂಬದಿಯಲ್ಲಿ ತೊಗರಿಯ ಹೊಲ: ಇಷ್ಟಾದರೆ ನೆಲ ಯಾವುದೆಂದು ಬೋರ್ಡು ಹೇಳಬೇಕಿಲ್ಲ.

ಆಟಕ್ಕೆ ಎಂಟು ವ್ಯಾಗನ್, ಎಂಟು ಚೀಟಿ. ಐದು ಚೀಟಿ ಎತ್ತಬೇಕು. ಬಂದ ಕ್ರಮದಲ್ಲೇ ಐದು ವ್ಯಾಗನ್‌ಗಳನ್ನು ಉದ್ದದ ಸೈಡಿಂಗಿನಲ್ಲಿ ನಿಲ್ಲಿಸಬೇಕು. ಹೀಗೆ ಆಗಬಹುದಾದ ಗಾಡಿಗಳು 6,720. ದಿನಕ್ಕೊಂದು ಆಡಿದರೂ ಹದಿನೆಂಟು ವರ್ಷ ಬೇಕು.

ಹೆಡ್‌ಶಂಟಿನ ಹಳಿಯನ್ನು ಪೆಟ್ಟಿಗೆಯ ಅಂಚಿನವರೆಗೂ ಎಳೆದು, ಒಬ್ಬರೇ ಆಡುವಾಗ 45 ಸೆಂ.ಮೀ.ಗೆ ಒಂದು ತಡೆ ಸಿಕ್ಕಿಸುವುದು ಜಾಣತನ. ತಡೆ ತೆಗೆದರೆ ಅದೇ ತುದಿ ಇನ್ನೊಬ್ಬರ ಪೆಟ್ಟಿಗೆಗೆ ದಾರಿಯಾಗುತ್ತದೆ. ಇದಕ್ಕೆ ಬೇಕಾದ್ದು ಮೊದಲೇ ಮಾಡಿಕೊಂಡ ಒಪ್ಪಂದ: ನೆಲದಿಂದ ಹಳಿಯ ಎತ್ತರ, ಅಂಚಿನಿಂದ ಹಳಿಯ ದೂರ, ಬೋಲ್ಟಿನ ಜಾಗ, ತಂತಿಯ ಪ್ಲಗ್ ಎಲ್ಲರಿಗೂ ಒಂದೇ ಆಗಿರಬೇಕು. ಯುರೋಪಿನ ಫ್ರೆಮೊ ಸಂಘದವರು ಹಲವು ಊರುಗಳ ಪೆಟ್ಟಿಗೆ ಸೇರಿಸಿ ದೊಡ್ಡ ಮಾರ್ಗ ಕಟ್ಟುವುದು ಇಂಥ ಒಪ್ಪಂದದ ಬಲದಿಂದಲೇ. ಕೆಂಭಾವಿಯ ಪೆಟ್ಟಿಗೆಗೆ ಶಹಾಪುರದ್ದೊಂದು, ಸುರಪುರದ್ದೊಂದು ಸೇರಿದರೆ ಒಂದು ಶಾಲೆಯ ಕೋಣೆಯಲ್ಲಿ ಮೂರು ನಿಲ್ದಾಣದ ಮಾರ್ಗ ಸಿದ್ಧ.